ವೃತ್ತಿಗೆ ಬರೆದ ವೃತ್ತಿಗಳು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳನ್ನು ಮಾರುವ ಅಂಗಡಿಗಳ ಮುಂದೆ ನಿಂತು, ಪದವಿಪೂರ್ವ ತರಗತಿಗಳ ಗೈಡುಗಳನ್ನೂ ಇಂಜಿನಿಯರಿಂಗ್ ಪಠ್ಯಗಳನ್ನೂ ದಾಟಿ ಒಳಗಿನ ಸಾಲಿಗೆ ಕಣ್ಣು ಹಾಯಿಸಿದವರಿಗೆ, ಇಟ್ಟಿಗೆಯಷ್ಟು ದಪ್ಪದ, ಬೆನ್ನಿನ ಮೇಲೆ ದೊಡ್ಡ ಅಂಕಿಗಳನ್ನು ಹೊತ್ತ ಒಂದು ಜಾತಿಯ ಪುಸ್ತಕಗಳು ಗೋಚರವಾಗುತ್ತವೆ. 640-507, 640-801, 640-802, 200-125: ಇವು ಕಂಪ್ಯೂಟರ್ ಜಾಲವಿದ್ಯೆಯಲ್ಲಿ ಸಿಸ್ಕೊ ಸಂಸ್ಥೆಯು ನಡೆಸುವ ಸಿಸಿಎನ್‌ಎ ಪರೀಕ್ಷೆಗೆ ಬೇರೆಬೇರೆ ಕಾಲಗಳಲ್ಲಿ ಇದ್ದ ಸಂಖ್ಯೆಗಳು. ಸಂಖ್ಯೆ ಬದಲಾದಾಗಲೆಲ್ಲ ಹಿಂದಿನ ಪುಸ್ತಕ ಬೀದಿಗಿಳಿಯಿತು, ಹೊಸದು ದೊಡ್ಡ ಅಂಗಡಿಯ ಗಾಜಿನ ಕಪಾಟಿಗೆ ಏರಿತು. ಅಭ್ಯರ್ಥಿಯೊಬ್ಬನು ಎರಡು ಕೈಗಳಲ್ಲಿ ಎರಡು ಪುಸ್ತಕಗಳನ್ನು ಹಿಡಿದು, ಇದೋ ಅದೋ ಎಂದು ತೂಗುತ್ತ ನಿಲ್ಲುವ ದೃಶ್ಯವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವನ ಪ್ರಶ್ನೆ ಅಲ್ಪವಾದುದಲ್ಲ. ಮುಂದಿನ ಆರು ತಿಂಗಳ ರಾತ್ರಿಗಳೂ, ಬಹುಮಟ್ಟಿಗೆ ಅವನ ಮೊದಲ ಉದ್ಯೋಗವೂ ಅದನ್ನೇ ಅವಲಂಬಿಸಿರುತ್ತವೆ. ಅದಕ್ಕೆ ಸರಿಯಾದ ಉತ್ತರ ಬೇಕೆಂದರೆ ಈ ಪುಸ್ತಕಗಳು ಎಲ್ಲಿಂದ ಬಂದುವು, ಯಾವ ಅಗತ್ಯದಿಂದ ಹುಟ್ಟಿದುವು ಎಂಬುದನ್ನು ತಿಳಿದಿರಬೇಕು.

ನಮ್ಮಲ್ಲಿ ಶಾಸ್ತ್ರಗ್ರಂಥಗಳಿಗೆ ಒಂದು ಹಳೆಯ ಕಟ್ಟುಪಾಡುಂಟು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ, ವ್ಯಾಕರಣದ ನಿಯಮವನ್ನು ಕಂದಪದ್ಯದಲ್ಲಿ ಸೂತ್ರವಾಗಿ ಹೇಳಿ, ಅದರ ಕೆಳಗೆ ಗದ್ಯದಲ್ಲಿ ವೃತ್ತಿಯನ್ನು ಬರೆದು, ಅದರ ಕೆಳಗೆ ಪೂರ್ವಕವಿಗಳಿಂದ ಆಯ್ದ ಪ್ರಯೋಗಗಳನ್ನು ಕೊಟ್ಟನು. ಸೂತ್ರವು ನಿಯಮವನ್ನು ಬಿಗಿಯಾಗಿ ಕಟ್ಟುತ್ತದೆ. ವೃತ್ತಿಯು ಆ ಗಂಟನ್ನು ಬಿಡಿಸುತ್ತದೆ. ಪ್ರಯೋಗವು ಲೋಕದಲ್ಲಿ ಅದು ಹಾಗೆಯೇ ನಡೆಯುತ್ತದೆಂದು ತೋರಿಸುತ್ತದೆ. ಜಾಲವಿದ್ಯೆಯ ಗ್ರಂಥಗಳ ಚರಿತ್ರೆಯನ್ನು ನೋಡಿದಷ್ಟೂ ನನಗೆ ಈ ಮೂರರ ನೆನಪೇ ಬರುತ್ತದೆ. ಇಲ್ಲಿಯ ಸೂತ್ರಗಳು 1969ರಿಂದ ಸಂಖ್ಯಾಕ್ರಮದಲ್ಲಿ ಹೊರಬರುತ್ತಿರುವ ಆರ್‌ಎಫ್‌ಸಿ ಎಂಬ ಪತ್ರಗಳು: ಇಂಟರ್‌ನೆಟ್ಟಿನ ಮೂಲ ನಿಯಮವಾದ ಐಪಿಯನ್ನು ನಿರೂಪಿಸುವ 791ನೆಯ ಪತ್ರ 1981ರದು, ಮಾರ್ಗನಿರ್ಣಯದ ಒಎಸ್‌ಪಿಎಫ್ ವಿಧಾನವನ್ನು ಜಾನ್ ಮೋಯ್ ವಿವರಿಸಿದ 2328ನೆಯ ಪತ್ರ 1998ರದು. ಇಲ್ಲಿಯ ಪ್ರಯೋಗವೆಂದರೆ ರೂಟರಿನ ಮುಂದೆ ಕುಳಿತು ಆಜ್ಞೆಗಳನ್ನು ಬೆರಳಿನಿಂದ ಒತ್ತುವುದು. ಇವೆರಡರ ನಡುವೆ ನಿಲ್ಲತಕ್ಕ ವೃತ್ತಿಯೇ ಅಭ್ಯರ್ಥಿಯ ಕೈಯಲ್ಲಿರುವ ಆ ಗೈಡು.

ಪ್ರಮಾಣಪತ್ರದ ಪದ್ಧತಿಯನ್ನು ಹುಟ್ಟಿಸಿದವರು ವಿಶ್ವವಿದ್ಯಾನಿಲಯಗಳವರಲ್ಲ, ಯಂತ್ರಗಳನ್ನೂ ತಂತ್ರಾಂಶಗಳನ್ನೂ ಮಾರುವವರು. 1980ರ ದಶಕದಲ್ಲಿ ಅಮೆರಿಕದ ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ರೂಢಿ ಹಬ್ಬಿದಾಗ, ಯೂಟಾ ಪ್ರಾಂತದ ನೊವೆಲ್ ಸಂಸ್ಥೆಯ ನೆಟ್‌ವೇರ್ ಆ ಕಾಲದ ಅಧಿಪತಿಯಾಗಿತ್ತು. ಸರಕು ಹರಡಿದಷ್ಟು ವೇಗವಾಗಿ ಅದನ್ನು ನಿರ್ವಹಿಸಬಲ್ಲ ಜನ ಹೆಚ್ಚಲಿಲ್ಲ. ಕೆಟ್ಟಾಗ ಗ್ರಾಹಕರ ಕರೆಗಳೆಲ್ಲ ಸಂಸ್ಥೆಯ ಬಾಗಿಲಿಗೇ ಬಂದುವು. ಪರೀಕ್ಷೆಯೊಂದನ್ನು ಇಟ್ಟು, ತೇರ್ಗಡೆಯಾದವನಿಗೆ ಸಿಎನ್‌ಇ ಎಂಬ ಬಿರುದನ್ನು ಕೊಟ್ಟು, ಆ ಭಾರವನ್ನು ಅವನ ಹೆಗಲಿಗೆ ವರ್ಗಾಯಿಸಿದ್ದು ವ್ಯಾಪಾರದ ದೃಷ್ಟಿಯಿಂದ ವಿವೇಕವೇ ಆಗಿತ್ತು. ಆದರೆ ಬಿರುದಿಗೆ ಬೆಲೆ ಬಂದೊಡನೆ, ಪುಸ್ತಕವನ್ನು ಬಾಯಿಪಾಠ ಮಾಡಿ ಪರೀಕ್ಷೆಯನ್ನು ಗೆದ್ದು, ಯಂತ್ರದ ಮುಂದೆ ನಿಂತಾಗ ಕೈಕಟ್ಟಿ ಕೂರುವ ಒಂದು ವರ್ಗವೂ ಹುಟ್ಟಿತು. ‘ಪೇಪರ್ ಸಿಎನ್‌ಇ’ ಎಂಬ ನಿಂದೆಯ ಮಾತು ಆಗ ರೂಢಿಗೆ ಬಂದದ್ದು. ಕೆಲವೇ ವರ್ಷಗಳ ತರುವಾಯ ಮೈಕ್ರೋಸಾಫ್ಟಿನ ಎಂಸಿಎಸ್‌ಇ ಪರೀಕ್ಷೆಗೂ ಅದೇ ಅಪಕೀರ್ತಿ ಅಂಟಿತು.

ಸಿಸ್ಕೊ ಸಂಸ್ಥೆಯವರು 1993ರಲ್ಲಿ ತಮ್ಮ ಮೊದಲ ಪರೀಕ್ಷೆಯನ್ನು ಆರಂಭಿಸಿದಾಗ ಈ ದೋಷವನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದರೆಂದು ತೋರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಭಾಗಗಳಲ್ಲಿ ಕೆಲಸಮಾಡುತ್ತಿದ್ದ ಲೆನರ್ಡ್ ಬೊಸ್ಯಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿಗಳು 1984ರಲ್ಲಿ ಸ್ಥಾಪಿಸಿದ ಈ ಸಂಸ್ಥೆ, ಬೇರೆಬೇರೆ ಜಾಲಗಳನ್ನು ಬೆಸೆಯುವ ರೂಟರುಗಳನ್ನು ಮಾರಿ ಬೆಳೆದದ್ದು. ಅವರು ಇಟ್ಟ ಸಿಸಿಐಇ ಪರೀಕ್ಷೆ ಎರಡು ದಿನಗಳ ಲ್ಯಾಬ್ ಪರೀಕ್ಷೆ. ಅಭ್ಯರ್ಥಿಯು ನಿಜವಾದ ಯಂತ್ರಗಳ ಮುಂದೆ ಕುಳಿತು, ತಂತಿಗಳನ್ನು ಜೋಡಿಸಿ, ಕೊಟ್ಟ ನಕ್ಷೆಯಂತೆ ಒಂದು ಜಾಲವನ್ನು ಕಟ್ಟಬೇಕಾಗಿತ್ತು. ಎರಡನೆಯ ದಿನದ ಅಪರಾಹ್ಣದವರೆಗೆ ಅರ್ಹನಾಗಿ ಉಳಿದವನನ್ನು ಹೊರಗೆ ಕಳುಹಿಸಿ, ಪರೀಕ್ಷಕನು ಅವನೇ ಕಟ್ಟಿದ ಜಾಲವನ್ನು ಅಲ್ಲಲ್ಲಿ ಕೆಡಿಸಿಡುತ್ತಿದ್ದನು. ಹಿಂದಿರುಗಿ ಬಂದವನು ದೋಷಗಳನ್ನು ಹುಡುಕಿ ಸರಿಪಡಿಸಬೇಕಾಗಿತ್ತು. 2001ರಲ್ಲಿ ಈ ಪರೀಕ್ಷೆಯನ್ನು ಒಂದೇ ದಿನಕ್ಕೆ ಇಳಿಸಿದರು. ಬಿರುದಿನ ಸಂಖ್ಯೆಗಳು ಒಂದರಿಂದಲ್ಲ, 1024ರಿಂದ ಆರಂಭವಾದುವು. ಎರಡನ್ನು ಹತ್ತು ಸಲ ಗುಣಿಸಿದರೆ ಬರುವ, ಗಣಕವಿದ್ಯೆಯವರಿಗೆ ಪ್ರಿಯವಾದ ಆ ಮೊದಲ ಸಂಖ್ಯೆಯನ್ನು ಯಾವ ಮನುಷ್ಯನಿಗೂ ಕೊಡದೆ ಪರೀಕ್ಷೆಯ ಲ್ಯಾಬಿಗೇ ಕೊಟ್ಟರು. ಲ್ಯಾಬ್ ಪರೀಕ್ಷೆಗೆ ಕುಳಿತು ತೇರ್ಗಡೆಯಾದ ಮೊದಲನೆಯವನು ಟೆರಿ ಸ್ಲ್ಯಾಟರಿ. ಅವನ ಸಂಖ್ಯೆ 1026. ಪ್ರಯೋಗಶಾಲೆಗೇ ಪ್ರಥಮ ತಾಂಬೂಲವನ್ನು ಕೊಟ್ಟ ಈ ಕ್ರಮದಲ್ಲಿ ಒಂದು ಸುಸಂಸ್ಕೃತವಾದ ಭಾವವಿದೆಯೆಂದು ನಾನು ನಂಬಿದ್ದೇನೆ.

ಆ ಮೊದಲಿನವರಿಗೆ ಗೈಡುಗಳಿರಲಿಲ್ಲ. ಸಂಸ್ಥೆಯು ತನ್ನ ಕೈಪಿಡಿಗಳನ್ನೆಲ್ಲ ತುಂಬಿ ಹಂಚುತ್ತಿದ್ದ ಸಿ.ಡಿ.ಯನ್ನು ಓದಿ, ಆರ್‌ಎಫ್‌ಸಿಗಳನ್ನು ತಿರುವಿಹಾಕಿ, ಕಚೇರಿಯ ರೂಟರಿನ ಮೇಲೆ ರಾತ್ರಿ ಕೈಯಾಡಿಸಿ ಅವರು ಸಿದ್ಧರಾದರು. ಅಂದರೆ ಸೂತ್ರದಿಂದ ನೇರವಾಗಿ ಪ್ರಯೋಗಕ್ಕೆ ಹಾರಿದರು. ಆದರೆ ಅದೇ ದಶಕದಲ್ಲಿ, ಪರೀಕ್ಷೆಯನ್ನು ಲಕ್ಷಿಸಿದ್ದೂ ಉಂಟು ಇಲ್ಲದ್ದೂ ಉಂಟು ಎಂಬಂತೆ, ಈ ವಿದ್ಯೆಯ ಅತ್ಯುತ್ತಮ ವೃತ್ತಿಗಳು ಒಂದರ ಹಿಂದೆ ಒಂದು ಹೊರಬಂದುವು. ಜಾಲದಲ್ಲಿ ಸುತ್ತುದಾರಿಗಳು ಉಂಟಾಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಕಂಡುಹಿಡಿದ ರೇಡಿಯಾ ಪರ್ಲ್‌ಮನ್ ತಮ್ಮ ‘ಇಂಟರ್‌ಕನೆಕ್ಷನ್ಸ್’ ಗ್ರಂಥವನ್ನು 1992ರಲ್ಲಿ ಪ್ರಕಟಿಸಿದರು. ಡಬ್ಲ್ಯು. ರಿಚರ್ಡ್ ಸ್ಟೀವನ್ಸರ ‘ಟಿಸಿಪಿ/ಐಪಿ ಇಲ್ಲಸ್ಟ್ರೇಟೆಡ್’ನ ಮೊದಲ ಸಂಪುಟವು, ತಂತಿಯ ಮೇಲೆ ಹರಿಯುವ ಪೊಟ್ಟಣಗಳನ್ನು ಹಿಡಿದು ಬಿಚ್ಚಿ ಒಂದೊಂದು ಅಂಗವನ್ನೂ ಓದುಗನ ಮುಂದೆ ಹರಡಿತು. ಬಸ್ಸಾಂ ಹಲಬಿಯವರು 1997ರಲ್ಲಿ ಜಾಲಜಾಲಗಳ ನಡುವಣ ಮಾರ್ಗವಿಧಾನವಾದ ಬಿಜಿಪಿಯನ್ನು ಕುರಿತೂ, ಜೆಫ್ ಡಾಯ್ಲ್ 1998ರಲ್ಲಿ ‘ರೌಟಿಂಗ್ ಟಿಸಿಪಿ/ಐಪಿ’ ಎಂಬ ಹೆಸರಿನಲ್ಲಿ ಒಳಜಾಲದ ಮಾರ್ಗವಿಧಾನಗಳನ್ನು ಕುರಿತೂ ಬರೆದರು. ಡಾಯ್ಲರ ಅಧ್ಯಾಯಗಳ ಕೊನೆಯಲ್ಲಿ ಕಟ್ಟುವ ಅಭ್ಯಾಸಗಳೂ, ಕೆಟ್ಟದ್ದನ್ನು ಪತ್ತೆಹಚ್ಚುವ ಅಭ್ಯಾಸಗಳೂ ಬೇರೆಬೇರೆಯಾಗಿ ಇರುವುದನ್ನು ಕಂಡಾಗ, ಸೂತ್ರ ವೃತ್ತಿ ಪ್ರಯೋಗಗಳ ಕಟ್ಟುಪಾಡು ಒಂದು ದೇಶಕ್ಕೆ ಮಾತ್ರ ಸೇರಿದ್ದಲ್ಲವೆಂದು ಅನ್ನಿಸುತ್ತದೆ.

1998ರಲ್ಲಿ ಸಿಸ್ಕೊ ಸಂಸ್ಥೆಯು ಎತ್ತರದ ಸಿಸಿಐಇಗೆ ಕೆಳಗಿನ ಮೆಟ್ಟಿಲುಗಳಾಗಿ ಸಿಸಿಎನ್‌ಎ, ಸಿಸಿಎನ್‌ಪಿ ಎಂಬ ಪರೀಕ್ಷೆಗಳನ್ನು ಇಟ್ಟಿತು. ಮರುವರ್ಷ ಕಾಂಪ್‌ಟಿಯಾ ಎಂಬ ವ್ಯಾಪಾರಸಂಘವು, ಒಂದೇ ಸಂಸ್ಥೆಯ ಯಂತ್ರಕ್ಕೆ ಕಟ್ಟುಬೀಳದ ‘ನೆಟ್‌ವರ್ಕ್ ಪ್ಲಸ್’ ಪರೀಕ್ಷೆಯನ್ನು ತೆರೆಯಿತು. ಗೈಡುಗಳ ಪ್ರವಾಹ ಉಕ್ಕಿದ್ದು ಆಗಲೇ. ಹೊಸ ಪರೀಕ್ಷೆಗಳು ಲ್ಯಾಬಿನಲ್ಲಿ ನಡೆಯದೆ ಕಂಪ್ಯೂಟರ್ ತೆರೆಯ ಮೇಲೆ ಪ್ರಶ್ನೋತ್ತರವಾಗಿ ನಡೆಯುತ್ತಿದ್ದುದರಿಂದ, ಅವುಗಳಿಗೆ ಪುಸ್ತಕದಿಂದ ಸಿದ್ಧವಾಗುವುದು ಸಾಧ್ಯವಿತ್ತು. 1976ರಲ್ಲಿ ರಾಡ್ನೆ ಝಾಕ್ಸ್ ಸ್ಥಾಪಿಸಿದ್ದ ಸೈಬೆಕ್ಸ್ ಪ್ರಕಾಶನದಿಂದ ಟಾಡ್ ಲ್ಯಾಮ್ಲರ ‘ಸಿಸಿಎನ್‌ಎ ಸ್ಟಡಿ ಗೈಡ್’ ಹೊರಟಿತು. ಸಿಸ್ಕೊ ಪ್ರೆಸ್ಸಿನಿಂದ ವೆಂಡೆಲ್ ಓಡಂರ ಪುಸ್ತಕ ಬಂದಿತು. ಇವರಿಬ್ಬರ ನಡುವಣ ಆಯ್ಕೆಯೇ ಇಪ್ಪತ್ತೈದು ವರ್ಷಗಳಿಂದ ಅಭ್ಯರ್ಥಿಗಳ ನಿತ್ಯದ ಚರ್ಚೆ. ಕೋರಿಯೊಲಿಸ್ ಪ್ರಕಾಶನದ ‘ಎಕ್ಸಾಂ ಕ್ರ್ಯಾಂ’ ಮಾಲೆಯ ತೆಳು ಪುಸ್ತಕಗಳೂ ಇದ್ದುವು. ಮುಂಭಾಗದಲ್ಲಿ ಹರಿದು ತೆಗೆಯತಕ್ಕ ಒಂದು ಹಾಳೆ, ಅದರಲ್ಲಿ ಪರೀಕ್ಷೆಯ ಬೆಳಗ್ಗೆ ನೋಡಿಕೊಳ್ಳಬೇಕಾದ ಅಂಶಗಳು. ಬಲ್ಲವನಿಗೆ ಅದು ಜ್ಞಾಪಕಪತ್ರ. ಅರಿಯದವನಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಲ್ಯಾಮ್ಲರದು ಎದುರಿಗೆ ಕುಳಿತು ಮಾತನಾಡುವವರ ಶೈಲಿ. ತರಗತಿಯ ಕೋಣೆಯಲ್ಲಿ ಪಾಠ ಹೇಳಿ ಪಳಗಿದವರು; ಓದುಗನು ಎಲ್ಲಿ ತಡವರಿಸುವನೆಂದು ಬಲ್ಲರು; ಅಲ್ಲಿ ನಿಂತು ಬೆನ್ನು ತಟ್ಟಿ ಮುಂದಕ್ಕೆ ನಡೆಸುತ್ತಾರೆ. ಓಡಂರು 1624ನೆಯ ಸಿಸಿಐಇ. ಅವರದು ಅಡಿಪಾಯದಿಂದ ಕಲ್ಲಿನ ಮೇಲೆ ಕಲ್ಲಿಡುವ ಕ್ರಮ. ಪ್ರತಿ ಅಧ್ಯಾಯದ ಆರಂಭದಲ್ಲಿಯೇ ‘ಇದು ನಿನಗೆ ಆಗಲೇ ಗೊತ್ತೆ’ ಎಂದು ಕೇಳುವ ಒಂದು ಚಿಕ್ಕ ಪರೀಕ್ಷೆಯನ್ನಿಟ್ಟು, ಓದುಗನು ತನ್ನ ಅಜ್ಞಾನವನ್ನು ತಾನೇ ಅಳೆದುಕೊಳ್ಳುವಂತೆ ಮಾಡುತ್ತಾರೆ. ಮೊದಲನೆಯದು ಭಯವನ್ನು ನೀಗುವ ಪುಸ್ತಕ, ಎರಡನೆಯದು ಸಂದೇಹವನ್ನು ನೀಗುವ ಪುಸ್ತಕ. ಭಯ ಹೋಗದವನು ಸಂದೇಹದ ತನಕ ತಲುಪುವುದೇ ಇಲ್ಲವಾದ್ದರಿಂದ, ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವವರ ಮಾತನ್ನು ನಾನು ಒಪ್ಪಲಾರೆ. ಒಂದೇ ಪುಸ್ತಕವನ್ನು ಇಟ್ಟುಕೊಳ್ಳಬೇಕೆಂದರೆ ಮಾತ್ರ, ಓಡಂರದನ್ನೇ ಇಟ್ಟುಕೊಳ್ಳುವೆನು. ಪರೀಕ್ಷೆ ಮುಗಿದ ಮೇಲೆಯೂ ಅದನ್ನು ತೆರೆಯುವ ಪ್ರಸಂಗ ಬರುತ್ತದೆ.

ಈ ಪುಸ್ತಕಗಳ ನಡುವಣ ಕಠಿಣವಾದ ಘಟ್ಟವನ್ನು ಹತ್ತಿರದಿಂದ ನೋಡಬೇಕು. ಅದು ಸಬ್‌ನೆಟ್ಟಿನ ಲೆಕ್ಕ. 192.168.10.70 ಎಂಬ ವಿಳಾಸವಿದೆ, ಉಪಜಾಲದ ಗಡಿಯನ್ನು ತಿಳಿಸುವ ಮಾಸ್ಕು 255.255.255.224, ಈ ವಿಳಾಸ ಯಾವ ಉಪಜಾಲಕ್ಕೆ ಸೇರಿದ್ದು? ಆರ್‌ಎಫ್‌ಸಿಯನ್ನು ಓದಿದವನು ಇದನ್ನು ಸೊನ್ನೆ ಒಂದುಗಳ ದ್ವಿಮಾನಕ್ಕೆ ಇಳಿಸಿ, ಸಾಲುಸಾಲಾಗಿ ಬರೆದು, ಸ್ಥಾನಕ್ಕೆ ಸ್ಥಾನ ಹೋಲಿಸಿ ನೋಡಿ, ಮತ್ತೆ ದಶಮಾನಕ್ಕೆ ಏರಿಸುತ್ತಾನೆ. ಗೈಡು ಒಳದಾರಿಯನ್ನು ತೋರಿಸುತ್ತದೆ: 256ರಲ್ಲಿ 224ನ್ನು ಕಳೆಯಿರಿ, 32 ಉಳಿಯಿತು, ಉಪಜಾಲಗಳು 0, 32, 64, 96 ಎಂದು ಮೂವತ್ತೆರಡರ ಹೆಜ್ಜೆಯಲ್ಲಿ ನಡೆಯುತ್ತವೆ, 70 ಬೀಳುವುದು 64ಕ್ಕೂ 96ಕ್ಕೂ ನಡುವೆ, ಆದುದರಿಂದ ಉಪಜಾಲ 64, ಎಲ್ಲರನ್ನೂ ಒಟ್ಟಿಗೆ ಕರೆಯುವ ಬ್ರಾಡ್‌ಕಾಸ್ಟ್ ವಿಳಾಸ 95, ಯಂತ್ರಗಳಿಗೆ ಕೊಡಬಹುದಾದುವು 65ರಿಂದ 94. ಅಭ್ಯಾಸವಾದವನಿಗೆ ಹತ್ತು ಕ್ಷಣದ ಕೆಲಸ. ದ್ವಿಮಾನದ ಕಾರಣವನ್ನು ತಿಳಿಸಿ ಆಮೇಲೆ ಒಳದಾರಿಯನ್ನು ಕೊಡುವ ಪುಸ್ತಕ ಉತ್ತಮ. ಒಳದಾರಿಯನ್ನು ಮಾತ್ರ ಕೊಡುವ ಪುಸ್ತಕ, ಮಾಸ್ಕು ಮೂರನೆಯ ಅಂಕಕ್ಕೆ ಜಾರಿದೊಡನೆ ಕೈಬಿಡುತ್ತದೆ. ಅಂಗಡಿಯಲ್ಲಿ ನಿಂತು ಪುಸ್ತಕವನ್ನು ಪರೀಕ್ಷಿಸುವವರು ಈ ಒಂದು ಅಧ್ಯಾಯವನ್ನು ತೆರೆದು ನೋಡಿದರೆ ಸಾಕು.

ನಮ್ಮ ನಾಡಿನ ಸಂಬಂಧ ಇಲ್ಲಿ ಬರುತ್ತದೆ. 1986ರಲ್ಲಿ ಆರಂಭವಾದ ವಿದ್ಯಾಸಂಸ್ಥೆಗಳನ್ನು ಬೆಸೆಯುವ ಅರ್ನೆಟ್ ಯೋಜನೆಯ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದಾಗಿತ್ತು. 1995ರ ಆಗಸ್ಟ್ 15ರಂದು ದೂರಸಂಪರ್ಕ ಸಂಸ್ಥೆಯಾದ ವಿಎಸ್‌ಎನ್‌ಎಲ್ ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ತೆರೆಯಿತು. ಸಿಸ್ಕೊ ಸಂಸ್ಥೆ ಬೆಂಗಳೂರಿನಲ್ಲಿ ನೆಲೆಯೂರಿ ಬೆಳೆಯಿತು. ಸಿಸಿಐಇ ಲ್ಯಾಬ್ ಪರೀಕ್ಷೆಯ ಕೇಂದ್ರವೂ ಇಲ್ಲಿಗೆ ಬಂದಿತು. ಡಾಲರಿನ ಬೆಲೆಯಲ್ಲಿ ಈ ಪುಸ್ತಕಗಳನ್ನು ಕೊಳ್ಳುವುದು ನಮ್ಮ ಹುಡುಗರಿಗೆ ಶಕ್ಯವಿರಲಿಲ್ಲ. ದೆಹಲಿಯ ಬಿಪಿಬಿ ಪ್ರಕಾಶನದವರು ಸೈಬೆಕ್ಸಿನ ಗೈಡುಗಳನ್ನು ಭಾರತದಲ್ಲಿ ಮರುಮುದ್ರಿಸಿ ಅಗ್ಗದ ಬೆಲೆಗೆ ಕೊಟ್ಟದ್ದರಿಂದಲೇ ಲ್ಯಾಮ್ಲರ ಹೆಸರು ನಮ್ಮಲ್ಲಿ ಮನೆಮಾತಾಯಿತು. ಕಾಗದ ತೆಳು, ಅಚ್ಚು ಮಸುಕು; ಆದರೂ ಎಷ್ಟು ಮನೆಗಳ ಮೊದಲ ಸಂಬಳ ಆ ಮಸುಕು ಪುಟಗಳಿಂದ ಬಂದಿತು ಎಂಬುದನ್ನು ನೆನೆದರೆ, ಆ ಮರುಮುದ್ರಣಕ್ಕೆ ನಾವು ಋಣಿಗಳು.

ತರಬೇತಿಯ ಶಾಲೆಯೊಂದರಲ್ಲಿ ನಾನು ಕಂಡ ಒಂದು ಸಂಜೆ ಇನ್ನೂ ನೆನಪಿನಲ್ಲಿದೆ. ಹಳೆಯ 2500 ಮಾಲೆಯ ರೂಟರುಗಳು ಕಪಾಟಿನಲ್ಲಿ ಗೊರಗುಟ್ಟುತ್ತಿದ್ದುವು. ತಿಳಿನೀಲಿ ಬಣ್ಣದ ಚಪ್ಪಟೆ ಕನ್ಸೋಲ್ ತಂತಿಗಾಗಿ ಹುಡುಗರು ಸರದಿ ಕಾಯುತ್ತಿದ್ದರು. ಹುಬ್ಬಳ್ಳಿಯ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದಿದ್ದ ಒಬ್ಬ ಹುಡುಗ, ಮೇಲೆ ಹೇಳಿದಂಥದೇ ಒಂದು ಲೆಕ್ಕದ ಮುಂದೆ ಸೋತು, ಪಕ್ಕದ ಹಿರಿಯನನ್ನು ಕೇಳಿದ: “ಅಣ್ಣಾ, ಈ ಎಪ್ಪತ್ತು ಯಾವ ನೆಟ್‌ವರ್ಕಿಗೆ ಬರ್ತೈತ್ರಿ?” ಮಂಡ್ಯದ ಆ ಹಿರಿಯ ಪುಸ್ತಕವನ್ನು ಮುಚ್ಚಿಬಿಟ್ಟು ಹೇಳಿದ: “ಸಾಲುಮನೆ ಅಂತ ತಿಳ್ಕೊಳಪ್ಪ. ಒಂದೊಂದು ಸಾಲಿಗೆ ಮೂವತ್ತೆರಡು ಬಾಗಿಲು. ಮೊದಲನೇ ಬಾಗಿಲು ಸಾಲಿನ ಹೆಸರಿಗೆ, ಕೊನೇದು ಡಂಗುರ ಸಾರೋನಿಗೆ. ಮಧ್ಯದ ಮೂವತ್ತರಲ್ಲೇ ಜನ ಇರೋದು. ಈಗ ಎಪ್ಪತ್ತು ಯಾವ ಸಾಲು, ನೀನೇ ಹೇಳು.” ಹುಡುಗ ಬೆರಳು ಮಡಿಸಿ, “ಅರವತ್ನಾಲ್ಕರ ಸಾಲ್ರಿ” ಎಂದ. ನೂರು ಪುಟಗಳ ಇಂಗ್ಲಿಷು ಮಾಡದಿದ್ದುದನ್ನು ಐದು ವಾಕ್ಯಗಳ ಕನ್ನಡ ಮಾಡಿತು. ಬ್ರಾಡ್‌ಕಾಸ್ಟ್ ಎಂಬುದಕ್ಕೆ ಡಂಗುರಕ್ಕಿಂತ ಒಳ್ಳೆಯ ಮಾತನ್ನು ನಾನು ಇದುವರೆಗೆ ಕೇಳಿಲ್ಲ.

ಅಗ್ಗದ ಪುಸ್ತಕಕ್ಕೆ ಒಂದು ಅಪಾಯವೂ ಅಂಟಿಕೊಂಡಿತ್ತು, ಅದು ಆವೃತ್ತಿಯ ಅಪಾಯ. ಉಪಜಾಲದ ಕ್ರಮವನ್ನು ವಿಧಿಸಿದ 950ನೆಯ ಆರ್‌ಎಫ್‌ಸಿ 1985ರದು. ಅದರ ಪ್ರಕಾರ ಮೊದಲ ಮತ್ತು ಕೊನೆಯ ಉಪಜಾಲಗಳನ್ನು ಬಳಸುವ ಹಾಗಿರಲಿಲ್ಲ. ಮೂರು ಬಿಟ್ಟುಗಳನ್ನು ಎರವಲು ಪಡೆದರೆ ಎಂಟು ಉಪಜಾಲಗಳಾದರೂ ಲೆಕ್ಕಕ್ಕೆ ಆರು ಮಾತ್ರ. ಕಾಲಕ್ರಮದಲ್ಲಿ ಈ ನಿಷೇಧ ಸಡಿಲವಾಯಿತು. ಸಿಸ್ಕೊ ರೂಟರುಗಳ ತಂತ್ರಾಂಶದ 12.0ನೆಯ ಆವೃತ್ತಿಯಿಂದ ಮೊದಲ ಉಪಜಾಲದ ಬಳಕೆ ತಾನಾಗಿಯೇ ಜಾರಿಯಲ್ಲಿರುತ್ತದೆ. ಹಳೆಯ ಗೈಡಿನಲ್ಲಿ ಉತ್ತರ ಆರು, ಹೊಸ ಗೈಡಿನಲ್ಲಿ ಎಂಟು. ಎರಡೂ ತಂತಮ್ಮ ಕಾಲಕ್ಕೆ ಸರಿ. ಬೀದಿಯಲ್ಲಿ ಕೊಂಡ ಪುಸ್ತಕವನ್ನು ನಿಷ್ಠೆಯಿಂದ ಓದಿ, ಆರು ಎಂದು ಬರೆದು ಅಂಕ ಕಳೆದುಕೊಂಡ ಹುಡುಗನನ್ನು ನಾನು ಬಲ್ಲೆ. ಅವನ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಪುಸ್ತಕದ ಬೆನ್ನಿನ ಮೇಲಿನ ಅಂಕಿಯನ್ನು ಪರೀಕ್ಷೆಯ ಅಂಕಿಯೊಡನೆ ಹೋಲಿಸಿ ನೋಡು ಎಂದು ಅವನಿಗೆ ಹೇಳುವವರಿರಲಿಲ್ಲ. ಮೊದಮೊದಲ ಗೈಡುಗಳಲ್ಲಿ ಅಧ್ಯಾಯಗಟ್ಟಲೆ ಇದ್ದ ನೊವೆಲ್ಲಿನ ಐಪಿಎಕ್ಸ್, ದೂರವಾಣಿಯ ಐಎಸ್‌ಡಿಎನ್, ಆಮೇಲೆ ಫ್ರೇಮ್ ರಿಲೇ, ಇವೆಲ್ಲ ಒಂದೊಂದಾಗಿ ಪರೀಕ್ಷೆಯಿಂದ ನಿರ್ಗಮಿಸಿದುವು.

ಇನ್ನು, ಗೈಡಿನ ವೇಷದಲ್ಲಿ ಬಂದ ಕೇಡೊಂದನ್ನು ಹೇಳದೆ ಬಿಡಲಾಗದು. ಪರೀಕ್ಷೆ ಬರೆದವರು ಹೊರಗೆ ಬಂದು ನೆನಪಿನಿಂದ ಒಪ್ಪಿಸಿದ ಪ್ರಶ್ನೆಗಳನ್ನು ಕಲೆಹಾಕಿ, ಉತ್ತರ ಸಹಿತ ಮಾರುವ ‘ಡಂಪು’ಗಳು ಅವು. ಅಮೆರಿಕದಲ್ಲಿ ಹೀಗೆ ಮಾರಿದವರು ನ್ಯಾಯಾಲಯದ ಕಟಕಟೆ ಹತ್ತಿ ಶಿಕ್ಷೆಗೊಳಗಾದದ್ದೂ ಉಂಟು. ನಮ್ಮಲ್ಲಿ ಜೆರಾಕ್ಸ್ ಅಂಗಡಿಗಳಲ್ಲಿ ಸುರುಳಿ ಹೊಲಿಗೆ ಹಾಕಿಸಿಕೊಂಡು ಕೈಯಿಂದ ಕೈಗೆ ಸಾಗಿದ ಈ ಕಟ್ಟುಗಳಲ್ಲಿ ಸೂತ್ರವೂ ಇಲ್ಲ, ವೃತ್ತಿಯೂ ಇಲ್ಲ, ಪ್ರಯೋಗವೂ ಇಲ್ಲ. ಉತ್ತರಗಳೂ ಎಷ್ಟೋ ಕಡೆ ತಪ್ಪು. ಬಡವರ ಮನೆಯ ಹುಡುಗ ಪರೀಕ್ಷೆಯ ದುಬಾರಿ ಶುಲ್ಕಕ್ಕೆ ಅಂಜಿ ಅದರ ಮೊರೆಹೋಗುವುದು ನನಗೆ ಅರ್ಥವಾಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಜಾಲ ನಿಂತುಹೋದಾಗ, ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಯಾರೂ ಕೊಡುವುದಿಲ್ಲ.

ಪ್ರಯೋಗದ ಬಾಗಿಲು ಬಡವರಿಗೂ ತೆರೆದದ್ದು ಈ ಚರಿತ್ರೆಯಲ್ಲಿ ಸಂತೋಷದ ಭಾಗ. ಸಿಸ್ಕೊ ಸಂಸ್ಥೆಯು 1997ರಲ್ಲಿ ಆರಂಭಿಸಿದ ನೆಟ್‌ವರ್ಕಿಂಗ್ ಅಕಾಡೆಮಿಯ ವಿದ್ಯಾರ್ಥಿಗಳಿಗಾಗಿ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಸಿದ್ಧವಾಯಿತು. ಅದರಲ್ಲಿ ತೆರೆಯ ಮೇಲೆಯೇ ರೂಟರುಗಳನ್ನಿಟ್ಟು, ತಂತಿ ಎಳೆದು, ಆಜ್ಞೆ ಕೊಡಬಹುದು. ಫ್ರಾನ್ಸಿನ ಕ್ರಿಸ್ತೋಫ್ ಫಿಯೋ 2005ರಲ್ಲಿ ರೂಟರಿನ ನಿಜವಾದ ತಂತ್ರಾಂಶವನ್ನು ಸಾಮಾನ್ಯ ಕಂಪ್ಯೂಟರಿನ ಮೇಲೆ ಓಡಿಸುವ ಡೈನಮಿಪ್ಸನ್ನು ಬರೆದುಕೊಟ್ಟನು. ಅದರ ಮೇಲೆ ಜಿಎನ್‌ಎಸ್3 ಬೆಳೆಯಿತು. ಸರದಿ ಕಾದು ಮುಟ್ಟಬೇಕಾಗಿದ್ದ ಯಂತ್ರ ಮನೆಯ ಮೇಜಿಗೆ ಬಂದಿತು. ಇಂದು ಗೈಡನ್ನು ತೂಗುವಾಗ ನಾನು ಮೊದಲು ನೋಡುವುದು ಇದನ್ನೇ: ಹತ್ತು ಪುಟಕ್ಕೊಮ್ಮೆಯಾದರೂ ‘ಪುಸ್ತಕವನ್ನು ಬದಿಗಿಡು, ಇದನ್ನು ಕಟ್ಟಿ ನೋಡು’ ಎನ್ನುತ್ತದೆಯೇ? ಕಟ್ಟಿದ್ದನ್ನು ಕೆಡಿಸಿ ನೋಡು ಎನ್ನುತ್ತದೆಯೇ? ಎನ್ನದ ಪುಸ್ತಕಕ್ಕೆ ಹಣ ಕೊಡಬಾರದು.

2020ರ ಫೆಬ್ರುವರಿಯಲ್ಲಿ ಜಾರಿಗೆ ಬಂದ 200-301 ಪರೀಕ್ಷೆಯಿಂದ ರಿಪ್, ಇಐಜಿಆರ್‌ಪಿ ಎಂಬ ಹಳೆಯ ಮಾರ್ಗವಿಧಾನಗಳು ಬಿಟ್ಟುಹೋಗಿ, ಜಾಲವನ್ನು ಪ್ರೋಗ್ರಾಮುಗಳ ಮೂಲಕ ಆಳುವ ವಿದ್ಯೆ ಒಳಬಂದಿತು. ಓಡಂರ ಪುಸ್ತಕ ಈ ಪರೀಕ್ಷೆಗೂ ಎರಡು ಸಂಪುಟಗಳಲ್ಲಿ ಬಂದಿತು. ಸಬ್‌ನೆಟ್ಟಿನ ಅಧ್ಯಾಯಗಳು ಮಾತ್ರ ಇದ್ದಲ್ಲಿಯೇ ಇವೆ. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಜಪಾನೀ ಭಾಷೆಯಲ್ಲಿ ಬರೆಯಬಹುದು. ಕನ್ನಡದಲ್ಲಿ ಪರೀಕ್ಷೆ ಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಸೂತ್ರ ಇಂಗ್ಲಿಷಿನಲ್ಲಿದ್ದರೂ ವೃತ್ತಿ ಕನ್ನಡದಲ್ಲಿರುವುದಕ್ಕೆ ಅಡ್ಡಿಯೇನು? ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ದುಬೈಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಈ ವಿದ್ಯೆಯಿಂದಲೇ ಅನ್ನ ಉಣ್ಣುತ್ತಿರುವ ಕನ್ನಡಿಗರು ಬಹುಮಂದಿ ಇದ್ದಾರೆ. ಕಿರಿಯನೊಬ್ಬ ಅಣ್ಣಾ ಎಂದು ಬಂದು ಕೇಳಿದಾಗ ಅವರು ಬಾಯಲ್ಲಿ ಹೇಳುವುದನ್ನು ಕಾಗದದ ಮೇಲೆ ಹೇಳಲಿ. ಮೊದಲು ಒಂದೇ ಅಧ್ಯಾಯ ಸಾಕು. ಸಾಲುಮನೆಯಿಂದಲೂ ಡಂಗುರದವನಿಂದಲೂ ಆರಂಭಿಸಲಿ.